ಕತ್ತರಿ ಅತ್ತಿಗೆಯ ಚಳಿ ಪೆಟ್ಟಿಗೆ

ಅವಳು ಕೆಲಸ ಮಾಡುವ ರಬ್ಬರ್ ಕಾರ್ಖಾನೆಯಲ್ಲೇ ಅವಳ ಮೈದುನ ಅಚ್ಚು ಒತ್ತುತ್ತಿದ್ದ. ಅವನು ಅತ್ತಿಗೆ ಅಂದದ್ದೇ ನೆಪ, ಅವಳ ಅಪ್ಪನ ವಯಸ್ಸಿನವರಾದ ಕಾರ್ಖಾನೆ ಯಜಮಾನರ ಬಾಯಲ್ಲೂ ಅವಳು ಕತ್ತರಿ ಅತ್ತಿಗೆಯಾದಳು.

ಕತ್ತರಿ ಅವಳ ಕೆಲಸ. ಪಂಪಿಗೆ ಹಾಕುವ ರಬ್ಬರ್ ಬಳೆ ಅಚ್ಚಿನಿಂದ ಬರುವಾಗ ಅಂಚಿಗೆ ತೆಳ್ಳನೆಯ ಪೊರೆ ಅಂಟಿರುತ್ತದೆ. ಕೆಲಸದವರು ಅದನ್ನು ರೆಕ್ಕೆ ಅನ್ನುತ್ತಾರೆ. ಹದಿನೇಳು ವರ್ಷ ಆ ರೆಕ್ಕೆಗಳನ್ನು ಕತ್ತರಿಸಿ ಅವಳ ಹೆಬ್ಬೆರಳ ಬುಡ ಊದಿಕೊಂಡಿತ್ತು. ಪಕ್ಕದ ಕುರ್ಚಿಯಲ್ಲಿ, ಅವಳಿಗೆ ಕತ್ತರಿ ಹಿಡಿಯಲು ಕಲಿಸಿದ ದೊಡ್ಡಕ್ಕ.

ಒಂದು ಸೋಮವಾರ ಬೀರುವಿನಷ್ಟು ಎತ್ತರದ ಉಕ್ಕಿನ ಪೆಟ್ಟಿಗೆ ಬಂತು. ದ್ರವ ಸಾರಜನಕ ಹರಿದು ಒಳಗೆ ಸೊನ್ನೆಗಿಂತ ನೂರು ಡಿಗ್ರಿ ಕೆಳಗಿನ ಚಳಿ. ರೆಕ್ಕೆ ಗಾಜಿನಂತೆ ಪೆಡಸಾಗುತ್ತದೆ, ಸಾಸಿವೆಗಿಂತ ಸಣ್ಣ ಪ್ಲಾಸ್ಟಿಕ್ ಕಾಳು ಬಡಿದು ಅದನ್ನು ಉದುರಿಸುತ್ತದೆ.

"ನಿಮ್ಮ ಮೂರು ದಿನದ ಕೆಲಸ ಹತ್ತೇ ನಿಮಿಷ," ಅಂದ ಪೆಟ್ಟಿಗೆಯ ಜೊತೆ ಬಂದಿದ್ದ ಎಂಜಿನಿಯರ್.

ಮೊದಲ ತಟ್ಟೆ ಹೊರಬಂದಾಗ ಎಲ್ಲರೂ ಭೇಷ್ ಅಂದರು. ಅತ್ತಿಗೆ ಅಭ್ಯಾಸಬಲದಿಂದ ಒಂದು ಬಳೆಯ ಅಂಚಿನ ಮೇಲೆ ಉಗುರಾಡಿಸಿದಳು.

"ಚಕ್ಕೆ ಎದ್ದಿದೆ."

"ಕಣ್ಣಿಗೆ ಕಾಣ್ತಿಲ್ಲವಲ್ಲ?" ಎಂಜಿನಿಯರ್ ಬಗ್ಗಿ ನೋಡಿದ.

"ನನಗೂ ಕಾಣ್ತಿಲ್ಲ. ಉಗುರಿಗೆ ತಗಲ್ತಿದೆ."

ಮಸೂರ ಹಿಡಿದು ನೋಡಿದರೆ ನಿಜ. ಎಂಜಿನಿಯರ್ ಚಳಿ ಹೆಚ್ಚಿಸಿದ, ಚಕ್ಕೆಯೂ ಹೆಚ್ಚಾಯಿತು.

"ತೆಳ್ಳಗಿರೋದಕ್ಕೆ ಚಳಿ ಬೇಗ ಹಿಡಿಯತ್ತೆ, ದಪ್ಪಕ್ಕೆ ನಿಧಾನ," ಅಂದಳು ಅವಳು. "ರೆಕ್ಕೆ ಪೆಡಸಾದ ತಕ್ಷಣ ನಿಲ್ಲಿಸಿ. ನೀವು ಬಳೆಯನ್ನೂ ಬೇಯಿಸ್ತಿದ್ದೀರಿ."

"ಚಳಿಯಲ್ಲಿ ಬೇಯಿಸೋದಾ?" ಅವನು ನಕ್ಕ. ಆದರೂ ಹಾಗೇ ಮಾಡಿದ. ಆರು ನಿಮಿಷಕ್ಕೆ ರೆಕ್ಕೆ ಉಳಿಯಿತು, ಎಂಟಕ್ಕೆ ಚಕ್ಕೆ ಎದ್ದಿತು. ಏಳಕ್ಕೆ ಉಗುರು ಸರಾಗ ಜಾರಿತು. ಯಜಮಾನರು ಅಲ್ಲೇ ಪೆಟ್ಟಿಗೆಯನ್ನು ಅವಳ ಕೈಗೊಪ್ಪಿಸಿದರು. ದೊಡ್ಡಕ್ಕನೂ ಸೇರಿ ಉಳಿದ ಕತ್ತರಿಯವರೆಲ್ಲ ಕತ್ತರಿ ಬಿಟ್ಟು ಬಳೆ ಪರೀಕ್ಷಿಸುವ ಮೇಜಿಗೆ ಹೋದರು.

ಕೈ ತೊಳೆಯುವಲ್ಲಿ ದೊಡ್ಡಕ್ಕ ಸಿಕ್ಕಳು. "ಬಾಯಿ ಮುಚ್ಕೊಂಡಿದ್ರೆ ಆ ಪೆಟ್ಟಿಗೆ ವಾಪಸ್ ಹೋಗ್ತಿತ್ತಲ್ಲೇ."

"ಕೆಟ್ಟ ಬಳೆ ನೋಡಿ ಸುಮ್ಮನಿರೋಕೆ ನೀವು ಕಲಿಸ್ಲಿಲ್ಲವಲ್ಲ, ಅಕ್ಕ."

ದೊಡ್ಡಕ್ಕ ಸೆರಗಲ್ಲಿ ಕೈ ಒರೆಸಿಕೊಂಡು ಹೊರಟುಹೋದಳು. ಎರಡು ತಿಂಗಳು ಮಾತಿಲ್ಲ, ಕತೆಯಿಲ್ಲ. ಅತ್ತಿಗೆ ಮೊಣಕೈವರೆಗಿನ ಕೈಗವಸು ತೊಟ್ಟು ತಟ್ಟೆ ಎಳೆಯುವಳು, ದೊಡ್ಡಕ್ಕನ ಮೇಜಿನತ್ತ ನೋಡುವಳು, ಮತ್ತೆ ಪೆಟ್ಟಿಗೆಗೆ ತಿರುಗುವಳು.

ಒಂದು ಮಧ್ಯಾಹ್ನ ದೊಡ್ಡಕ್ಕ ತಾನಾಗಿಯೇ ಎದ್ದು ಬಂದು ಎರಡು ಬಳೆ ಮುಂದಿಟ್ಟಳು. "ನಿನ್ನ ಪೆಟ್ಟಿಗೆಗೆ ಇವತ್ತು ಏನೋ ಆಗಿದೆ. ಒಂದರಲ್ಲಿ ರೆಕ್ಕೆ, ಇನ್ನೊಂದರಲ್ಲಿ ಚಕ್ಕೆ."

ತೆರೆದು ನೋಡಿದರೆ ಚಳಿ ಅಳೆಯುವ ತಂತಿ ಸಡಿಲವಾಗಿತ್ತು. ಅತ್ತಿಗೆ ತಿರುಪು ಬಿಗಿ ಮಾಡುವಷ್ಟು ಹೊತ್ತೂ ದೊಡ್ಡಕ್ಕ ಟಾರ್ಚ್ ಹಿಡಿದು ನಿಂತಿದ್ದಳು.