ಹುರುಪಿ ಕುಂತ ಮನಿ

ಸ್ಪಿರಿಟ್ಟಿನ ಬಾಟಲಿ ತೆರೆದರೆ ಮೂಗು ಉರಿಯಬೇಕೇ ಹೊರತು ಮೀನಿನ ವಾಸನೆ ಬರಬಾರದು. ಹೋದ ಮಳೆಗಾಲದಲ್ಲಿ, ಮೀನುಗಳ ಅಧ್ಯಯನ ನಡೆಸುವ ನಮ್ಮ ಪ್ರಯೋಗಾಲಯದಲ್ಲಿ ಬಂತು. ತೆಳ್ಳಗೆ, ಹಾನಗಲ್ ಸಂತೆಯ ಕೆರೆಮೀನಿನ ವಾಸನೆ… ಬಾಟಲಿಯಲ್ಲಿದ್ದದ್ದು ಬಿಸಿಲೇ ಕಾಣದ ಆಳಸಮುದ್ರದ ಮೀನು. ಗೇಣುದ್ದ, ಕಪ್ಪು, ಮುಖವೆಲ್ಲ ಬಾಯಿ. ಆದರೂ ನೆನಪಾದದ್ದು ಸಂತೆಯಲ್ಲಿ ಮೀನು ಮಾರುತ್ತಿದ್ದ ಅತ್ತಿ.

ಬಳಗದವಳಲ್ಲ; ನಮ್ಮ ಓಣಿಯವರೆಲ್ಲ ಹಾಗೇ ಕರೆಯುತ್ತಿದ್ದೆವು. ನಾಲ್ಕಕ್ಷರ ಕಲಿತು ನನಗೆ ತಿಳಿಯದ್ದೇ ಇಲ್ಲ ಅಂದುಕೊಂಡಿದ್ದ ಕಾಲ. ಒಮ್ಮೆ ಆಕೆಯ ಮುಂದಿದ್ದ ನುಣುಪು ಮೀನೊಂದನ್ನು ತೋರಿಸಿ, "ಇದಕ್ಕ ಹುರುಪೀನ ಇಲ್ಲ, ಇದು ಬ್ಯಾರೆ ಜಾತಿ" ಎಂದು ಶಾಣ್ಯಾತನ ತೋರಿಸಿದೆ. ಗಿರಾಕಿಗೆಂದು ಆಗಷ್ಟೇ ಮೈಮೇಲಿನ ಬಿಲ್ಲೆಯಂಥ ಹುರುಪೆಯನ್ನೆಲ್ಲ ಹೆರೆದಿಟ್ಟ ಮೀನದು! ಅತ್ತಿ ಬಾಯೊಳಗಿನ ಎಲೆ ಅಡಿಕೆ ಹೊರಗೆ ಬರುವಷ್ಟು ನಕ್ಕಳು. ಆಮೇಲೆ ನನ್ನ ಹೆಬ್ಬೆರಳು ಹಿಡಿದು ಮೀನಿನ ಮೈಮೇಲೆ ಬಾಲದಿಂದ ತಲೆಯ ಕಡೆಗೆ ಎಳೆದಳು. ಉಗುರಿಗೆ ಸಣ್ಣ ಸಣ್ಣ ತಗ್ಗು ಸಿಕ್ಕವು.

"ಹುರುಪಿ ಹೋದ್ರೂ ಅದು ಕುಂತ ಮನಿ ಹೋಗಂಗಿಲ್ಲ ತಂಗಿ. ಕಣ್ಣಿಲೆ ಅಲ್ಲ, ಉಗುರಿಲೆ ನೋಡು."

ಬಾಟಲಿಯಲ್ಲಿದ್ದ ಮೀನಿಗೂ ಹುರುಪೆ ಇರಲಿಲ್ಲ. ಆದ್ದರಿಂದಲೇ ಇದು ಹೊಸ ಪ್ರಭೇದ ಎಂದು ನಾವು ಬರೆದೂ ಆಗಿತ್ತು. ಅಷ್ಟು ಆಳದಿಂದ ಬಲೆಯಲ್ಲಿ ಬರುವಾಗ ಮೈ ಉಜ್ಜಿ ಹುರುಪೆ ಸುಲಿದು ಹೋಗುವುದುಂಟು; ಗೊತ್ತಿದ್ದೂ ಆಸೆಗೆ ಬಿದ್ದಿದ್ದೆ. ಕೈಗವಸು ತೆಗೆದು ಅತ್ತಿ ಕಲಿಸಿದ ಹಾಗೆ ಉಗುರು ಎಳೆದೆ. ತಗ್ಗು ಸಿಕ್ಕಿತು. ಅಂದರೆ ಈ ಮೀನಿಗೂ ಹುರುಪೆ ಇತ್ತು. ಎರಡು ವರ್ಷದ ಕೆಲಸ ನೀರುಪಾಲಾಯಿತು ಅಂದುಕೊಳ್ಳುತ್ತಲೇ ಸೂಕ್ಷ್ಮದರ್ಶಕದಡಿ ಒಂದೊಂದೇ ತಗ್ಗು ಎಣಿಸಿದೆ. ಹುರುಪೆಯ ಲೆಕ್ಕ ಪ್ರಭೇದದಿಂದ ಪ್ರಭೇದಕ್ಕೆ ಬೇರೆ; ಈ ಲೆಕ್ಕ ಗೊತ್ತಿದ್ದ ಯಾವ ಮೀನಿಗೂ ಹೊಂದಲಿಲ್ಲ. ಮೀನು ಹೊಸದೇ, ನಾವು ಬರೆದ ಕಾರಣ ಮಾತ್ರ ತಪ್ಪು. ವರದಿಯನ್ನು ಮೊದಲಿಂದ ಬರೆದೆವು.

ಮೀನಿಗೆ ಅತ್ತಿಯ ಹೆಸರಿಡಬೇಕು ಅನ್ನಿಸಿತು. ಬರೆಯಲು ಕುಳಿತರೆ ಆಕೆಯ ಹೆಸರೇ ನನಗೆ ಗೊತ್ತಿಲ್ಲ! ಹಾನಗಲ್ಲಿಗೆ ಹೋದೆ. ಅತ್ತಿ ತೀರಿಕೊಂಡು ವರ್ಷಗಳಾಗಿದ್ದವು. ಸಂತೆಯಲ್ಲಿ ಈಗ ಆಕೆಯ ಮಗಳು ಕೂರುತ್ತಾಳೆ. ಕೇಳಿದಾಗ ಕತ್ತಿ ಕೆಳಗಿಟ್ಟು, ನಾನು ಬರೆದುಕೊಳ್ಳುವವರೆಗೆ ಎರಡು ಸಲ ಹೇಳಿದಳು.

"ಅವ್ವನ್ನ ಹೆಸರ ಹಿಡದ ಯಾರೂ ಕರೀತಿದ್ದಿಲ್ರಿ. ಕರದಿದ್ರ ಖುಷಿ ಪಡತಿದ್ಲು."

ಮೀನಿಗೀಗ ಆ ಹೆಸರಿದೆ. ಎಷ್ಟು ವರ್ಷ ಆಕೆಯ ಕೈಯ ಮೀನು ತಿಂದೆ… ಒಮ್ಮೆಯೂ ಹೆಸರು ಕೇಳಲಿಲ್ಲ. ನಾಚಿಕೆಯಾಗುತ್ತದೆ.