ಮುಚ್ಚಿದ ಮನೆಯ ವೈರ್‌ಲೆಸ್

ನನ್ನ ಗಂಡ ತೀರಿಕೊಂಡದ್ದು ಕೆಟ್ಟ ನಕ್ಷತ್ರದಲ್ಲಿ ಎಂದು ಪುರೋಹಿತರು ಪಂಚಾಂಗ ಮಡಿಸುತ್ತಾ ಹೇಳಿದರು. ಸೂಳಗಿರಿ ದಾಟಿ ಹೊಸೂರಿನ ಕಡೆಗೆ ಬರುವಾಗ ಲಾರಿಯೊಂದು ಅವರ ಬೈಕಿಗೆ ತಾಗಿತ್ತು. ಸಾಯುವುದಕ್ಕೆ ಒಳ್ಳೆಯ ನಕ್ಷತ್ರ ಯಾವುದು ಸ್ವಾಮಿ ಎಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ. ಆಗೆಲ್ಲ ನನಗೆ ಬಾಯಿ ತೆರೆಯುವುದೇ ದೊಡ್ಡ ಕೆಲಸವಾಗಿತ್ತು.

ಧನಿಷ್ಠಾ ಪಂಚಕವಂತೆ. ಅದರಲ್ಲಿ ಸತ್ತರೆ ಮನೆಯನ್ನು ಆರು ತಿಂಗಳು ಮುಚ್ಚಬೇಕು. ಇಲ್ಲದಿದ್ದರೆ ಹೋದವರು ದಾರಿ ಹಿಡಿದು ತಿರುಗಿ ಬರುತ್ತಾರೆ, ಬಂದವರು ಬರಿಗೈಲಿ ಹೋಗುವುದಿಲ್ಲ, ಮನೆಯ ಇನ್ನೊಬ್ಬರನ್ನು ಕರೆದುಕೊಂಡೇ ಹೋಗುತ್ತಾರೆ ಎಂದು ನಂಬಿಕೆ. ಪಕ್ಕದ ಮನೆಯ ತಮಿಳು ಅಕ್ಕ ‘ನಮ್ಮಲ್ಲೂ ಉಂಟು, ಅಡೈಪ್ಪು ಅಂತೀವಿ’ ಎಂದು ತಲೆಯಾಡಿಸಿದರು. ಅತ್ತೆಗೆ ಅಷ್ಟು ಸಾಕಾಯಿತು. ಅವರು ಯಾರ ಕೈಗೂ ಬಿಡದೆ ತಾವೇ ಬಾಗಿಲು ಎಳೆದು ಬೀಗ ಹಾಕಿದರು. ಹೊಸ್ತಿಲಿಗೆ ಅಡ್ಡವಾಗಿ ಜಾಲಿ ಮುಳ್ಳಿನ ಕೊಂಬೆ ಇಟ್ಟರು. ಸತ್ತಿದ್ದು ಅವರ ಒಬ್ಬನೇ ಮಗ. ಬೀಗದ ಕೈಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು, ಮೊಮ್ಮಗಳನ್ನು ಎತ್ತಿಕೊಂಡು, ಹಿಂದೆ ನೋಡದೆ ಆಟೋ ಹತ್ತಿದರು.

ಬಟ್ಟೆ, ಪಾತ್ರೆ, ಸ್ಟವ್ ತಂದೆವು. ನನ್ನ ಗಂಡನ ಲ್ಯಾಪ್‌ಟಾಪಿನ ಚೀಲವನ್ನೂ ನಾನು ತಂದೆ. ಫೋನಿನ ತಂತಿಗೆ ಜೋಡಿಸಿದ್ದ ರೂಟರ್ ಮಾತ್ರ ಗೋಡೆಯ ಮೇಲೆ ಉಳಿಯಿತು. ಅದು ಬೇಕಾಗುತ್ತದೆಂದು ಆಗ ಯಾರಿಗೂ ಹೊಳೆಯಲಿಲ್ಲ.

ಬಾಡಿಗೆಗೆ ಸಿಕ್ಕಿದ್ದು ಮಹಡಿಯ ಮೇಲಿನ ಎರಡು ಕೋಣೆ. ನಾನು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ರಜೆ ಮುಗಿಸಿ ಕೆಲಸಕ್ಕೆ ಹೋದೆ. ಅಳು ಬರಲಿಲ್ಲ. ಸಾರಿಗೆ ಉಪ್ಪು ಹಾಕಿದ್ದೇನೋ ಇಲ್ಲವೋ ತಿಳಿಯುತ್ತಿರಲಿಲ್ಲ, ಅತ್ತೆಯೂ ಹೇಳುತ್ತಿರಲಿಲ್ಲ, ಇಬ್ಬರೂ ಉಂಡು ಏಳುತ್ತಿದ್ದೆವು. ಸ್ಟಾಫ್ ರೂಮಿನಲ್ಲಿ ನನ್ನನ್ನು ಗಟ್ಟಿಗಿತ್ತಿ ಎನ್ನುತ್ತಿದ್ದರು. ಗಟ್ಟಿತನವಲ್ಲ ಅದು. ಒಳಗೆ ಏನೂ ಆಡುತ್ತಿರಲಿಲ್ಲ, ಅಷ್ಟೆ.

ಮೂರು ವರ್ಷದ ಮಗಳು ಮೊದಮೊದಲು ಸಂಜೆ ಬೈಕಿನ ಸದ್ದಾದರೆ ಬಾಲ್ಕನಿಗೆ ಓಡುತ್ತಿದ್ದಳು. ಆಮೇಲೆ ಓಡುವುದು ನಿಂತಿತು. ಒಂದು ದಿನ ಅತ್ತೆ ನಮ್ಮ ಮದುವೆಯ ಆಲ್ಬಂ ಬಿಚ್ಚಿ, ಪೇಟ ತೊಟ್ಟು ಬಾಸಿಂಗ ಕಟ್ಟಿದ್ದ ಗಂಡನ್ನು ತೋರಿಸಿ ಯಾರು ಎಂದು ಕೇಳಿದರು. ಮಗಳು ಚೆನ್ನಾಗಿ ನೋಡಿ ‘ಮಾಮ’ ಎಂದಳು. ಗೋಡೆಯ ಮೇಲಿನ ಫೋಟೋ ಇನ್ನೂ ಅಧ್ವಾನ. ಕಾರ್ಖಾನೆಯ ಗುರುತಿನ ಚೀಟಿಯದನ್ನು ಸ್ಟುಡಿಯೋದವನು ದೊಡ್ಡದು ಮಾಡಿ, ಕೋಟು ತೊಡಿಸಿ, ಕೆನ್ನೆಗೆ ಬಣ್ಣ ಹಚ್ಚಿದ್ದ. ಅದನ್ನು ನೋಡಿದರೆ ನನಗೇ ಗುರುತು ಹತ್ತುತ್ತಿರಲಿಲ್ಲ.

ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡ, ಸ್ನಾನ ಮಾಡಿಸುವ, ಬನಿಯನ್ನಿನಲ್ಲಿ ನೆಲದ ಮೇಲೆ ಆನೆಯಾಗಿ ಬಗ್ಗಿದ ಚಿತ್ರಗಳೆಲ್ಲ ಇದ್ದವು. ಆದರೆ ಅವು ಕಾಗದದ ಮೇಲಿರಲಿಲ್ಲ. ಲ್ಯಾಪ್‌ಟಾಪಿನಲ್ಲಿ ಜಾಗ ಸಾಲದೆಂದು ಅವರು ಎಲ್ಲವನ್ನೂ ತಮ್ಮ ಮೇಲ್ ಖಾತೆಯ ಆಲ್ಬಮ್ಮಿಗೆ ಏರಿಸಿ, ಇಲ್ಲಿಂದ ಅಳಿಸಿಬಿಟ್ಟಿದ್ದರು. ಖಾತೆಯ ಪಾಸ್‌ವರ್ಡ್ ಗೊತ್ತಿದ್ದದ್ದು ಅವರಿಗೆ. ಅವರು ಬಿಟ್ಟರೆ, ಅದನ್ನು ನೆನಪಿಟ್ಟುಕೊಂಡಿದ್ದ ಆ ಯಂತ್ರಕ್ಕೆ. ಇಂಟರ್‌ನೆಟ್ ಸಿಕ್ಕರೆ ಖಾತೆ ತಾನೇ ತೆರೆಯುತ್ತಿತ್ತು. ಕೃಷ್ಣಗಿರಿಯಲ್ಲಿ ಮಾವಿನ ತಿರುಳಿನ ಕಾರ್ಖಾನೆಯ ಆಫೀಸಿನಲ್ಲಿದ್ದ ನನ್ನ ನಾದಿನಿ, ಅಂದರೆ ಅವರ ತಂಗಿ, ಫೋನು ಮಾಡಿ ಎಚ್ಚರಿಸಿದಳು: “ಅತ್ಗೇ, ಕೆಲವು ತಿಂಗ್ಳು ಯಾರೂ ತೆಗೀದಿದ್ರೆ ಖಾತೆ ಮುಚ್ಬುಡ್ತಾರಂತೆ. ಒಳಗಿರೋದೆಲ್ಲಾ ಹೋಯ್ತದಂತೆ. ಬೇಗ ಏನಾರ ಮಾಡು.”

ನಾನು ಹೊಸ ಬ್ರಾಡ್‌ಬ್ಯಾಂಡ್ ಹಾಕಿಸಿದೆ. ಹೊಳೆಯುವ ಹೊಸ ರೂಟರ್ ಬಂತು, ದೀಪಗಳೆಲ್ಲ ಹತ್ತಿದವು. ಲ್ಯಾಪ್‌ಟಾಪ್ ತೆರೆದರೆ ಅದು ಹೊಸ ರೂಟರಿನ ಹೆಸರನ್ನು ನೋಡುತ್ತಿತ್ತು, ಪ್ರಯತ್ನ ಮಾಡುತ್ತಿತ್ತು, ಆಗುವುದಿಲ್ಲ ಎಂದು ಹಿಂದೆ ಸರಿಯುತ್ತಿತ್ತು. ವೈರ್ ಹಾಕೋಣವೆಂದರೆ, ಹಿಂದೊಮ್ಮೆ ಸಿಡಿಲು ಫೋನಿನ ತಂತಿ ಹಿಡಿದು ಬಂದು ಲ್ಯಾಪ್‌ಟಾಪಿನಲ್ಲಿ ಆ ವೈರ್ ಸಿಕ್ಕಿಸುವ ಜಾಗವನ್ನೇ ಸುಟ್ಟಿತ್ತು. ಅದಕ್ಕೇ ಅವರು ವೈರ್‌ಲೆಸ್ ಕಾರ್ಡೊಂದನ್ನು ಪಕ್ಕದಲ್ಲಿ ತೂರಿಸಿಕೊಂಡಿದ್ದರು.

ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿಯವನು ಆ ಕಾರ್ಡನ್ನು ತಿರುಗಿಸಿ ನೋಡಿದ. “ಮೇಡಂ, ಇದು ರೊಂಬ ಪಳಸು, ತುಂಬಾ ಹಳೇದು. ಈಗಿನ ರೂಟರ್ ಹಾಕೋ ಸೆಕ್ಯುರಿಟಿ ಬೀಗ ಇದಕ್ಕೆ ಅರ್ಥ ಆಗಲ್ಲ. ರೂಟರ್‌ನಾಗೆ ಹಳೇ ತರದ ಬೀಗ ಇಟ್ಟುಬುಡಿ, ಆಮೇಲೆ ಇದರಾಗೆ ಹೊಸಾ ಹೆಸ್ರು ಸೇರ್ಸಿ.”

ಶಾಲೆಯ ಕಂಪ್ಯೂಟರೊಂದನ್ನು ಎರವಲು ತಂದು ರೂಟರಿನ ಬೀಗವನ್ನು ಹಳೆಯ ತರದ್ದಕ್ಕೆ ಇಳಿಸಿದೆ. ಲ್ಯಾಪ್‌ಟಾಪಿನಲ್ಲಿ ಹೊಸ ಹೆಸರು ಸೇರಿಸಲು ಹೋದರೆ ಅದು ಅಡ್ಮಿನಿಸ್ಟ್ರೇಟರ್, ಅಂದರೆ ಯಜಮಾನನ ಪಾಸ್‌ವರ್ಡ್ ಕೊಡು ಎಂದಿತು. ಯಜಮಾನ ಎಲ್ಲಿದ್ದಾನೆ ಕೊಡಲು? ಬಾಯಿಗೆ ಬಂದದ್ದನ್ನೆಲ್ಲ ಟೈಪಿಸಿದೆ, ಯಾವುದಕ್ಕೂ ಬಗ್ಗಲಿಲ್ಲ. ಎಲ್ಲ ಅಳಿಸಿ ಹೊಸದಾಗಿ ಮಾಡಿಕೊಡುತ್ತೇನೆ ಎಂದು ಅಂಗಡಿಯವನು ಹೇಳಿದ್ದ. ಅಳಿಸಿದರೆ ಖಾತೆಯ ನೆನಪೂ ಅದರೊಂದಿಗೇ ಹೋಗುತ್ತಿತ್ತು. ಕೊನೆಗೆ ಅತ್ತೆಯ ಬಳಿ ಹೋದೆ.

“ಅತ್ತೆ, ಆ ಮನೆಯ ರೂಟರ್ ಬೇಕಿತ್ತು. ಒಂದು ಗಳಿಗೆ ಹೋಗಿ ಬಿಚ್ಚಿಕೊಂಡು ಬರ್ತೀನಿ. ಮಗೂಗೆ ಅವಳಪ್ಪನ ಚಿತ್ರ ತೋರಿಸ್ಬೇಕು.”

ಅತ್ತೆ ಸೊಪ್ಪು ಬಿಡಿಸುತ್ತಿದ್ದರು. ಕೈ ನಿಂತಿತು. “ಬಾಗ್ಲು ತೆಗುದ್ರೆ ಅವ್ನು ನಿನ್ನ ಹಿಂದೇನೆ ಬತ್ತಾನೆ ಕಣಮ್ಮಾ. ನಂಗೇನು ಅವ್ನು ಬೇಡ್ವಾ? ಮಗಿ ಐತೆ. ಅವ್ಳ್ನ ಕರ್ಕಂಡು ಹೋಗ್ಬುಟ್ರೆ ಏನ್ಮಾಡ್ತೀಯ?”

ನಾನು ಗಣಿತದ ಟೀಚರ್. ಇಂಥದ್ದನ್ನೆಲ್ಲ ನಂಬುವವಳಲ್ಲ. ಆದರೂ ಅವರು ಮಗುವಿನ ಮಾತೆತ್ತಿದ ಮೇಲೆ ನಾನೂ ಕುಳಿತು ಒಂದು ಹಿಡಿ ಸೊಪ್ಪು ಎಳೆದುಕೊಂಡೆ. ಅತ್ತೆ ಮತ್ತೆ ಸೊಪ್ಪು ಬಿಡಿಸತೊಡಗಿದರು.

ಮುಂದಿನ ಶನಿವಾರ, ಅಡುಗೆ ಮುಗಿಸಿ ಸುಮ್ಮನೆ ಕುಳಿತಿದ್ದಾಗ ನನಗೆ ತಿಳಿಯಿತು. ಲ್ಯಾಪ್‌ಟಾಪಿಗೆ ಹೊಸ ಮನೆಯನ್ನು ಕಲಿಸಲು ಆಗುವುದಿಲ್ಲ. ಆದರೆ ಹಳೆಯದು ಅದಕ್ಕೆ ನೆನಪಿದೆ. ಹಾಗಾದರೆ ಹೊಸ ರೂಟರನ್ನೇ ಹಳೆಯದರಂತೆ ಮಾಡಿದರಾಯಿತು. ಹಳೆಯ ರೂಟರಿಗೆ ಅವರು ‘ನಮ್ಮ ಮನೆ’ ಎಂದು ಹೆಸರಿಟ್ಟಿದ್ದರು. ಅದರ ಕೀಲಿಪದ ಇಟ್ಟವಳು ನಾನು: ಬೈಕಿನ ನಂಬರು, ಕೊನೆಗೊಂದು ಅಕ್ಷರ. ಶಾಲೆಯಿಂದ ಎರವಲು ತಂದಿದ್ದ ಕಂಪ್ಯೂಟರಿನಲ್ಲಿ ಹೊಸ ರೂಟರಿನ ಪುಟ ತೆರೆದು ಅದೇ ಹೆಸರು, ಅದೇ ಕೀಲಿಪದ, ಅದೇ ಹಳೆಯ ತರದ ಬೀಗ ಹಾಕಿದೆ. ಬೈಕಿನ ನಂಬರು ಟೈಪಿಸುವಾಗಲೂ ನನಗೆ ಏನೂ ಆಗಲಿಲ್ಲ. ಒಂದಂಕಿ ತಪ್ಪಾಗಿ, ತಿದ್ದಿದೆ.

ಲ್ಯಾಪ್‌ಟಾಪ್ ತೆರೆದೆ. ಅದು ನನ್ನನ್ನು ಏನೂ ಕೇಳಲಿಲ್ಲ. ಕಾರ್ಡಿನ ದೀಪ ಮಿಟುಕಿ ನಿಂತಿತು. ಖಾತೆ ತೆರೆಯಿತು, ಆಲ್ಬಂ ತೆರೆಯಿತು. ಅಂಚೆಚೀಟಿಯಷ್ಟಷ್ಟು ಚಿತ್ರಗಳು ಒಂದೊಂದಾಗಿ ಮೂಡಿದವು. ಮಗಳು ಕೈಲಿದ್ದ ಚಕ್ಕುಲಿಯಿಂದಲೇ ತೆರೆಯನ್ನು ಮುಟ್ಟಿ, ಯಾರೂ ಕೇಳದೆ ‘ಅಪ್ಪ’ ಎಂದಳು. ಆಮೇಲೆ ಚಕ್ಕುಲಿ ತಿಂದಳು. ನಾನು ಎಲ್ಲವನ್ನೂ ಇಳಿಸಿಕೊಳ್ಳಲು ಹಾಕಿದೆ. ಹಳೆಯ ಕಾರ್ಡು, ನಿಧಾನ; ಸಂಜೆಯವರೆಗೆ ಹಿಡಿಯುವಂತಿತ್ತು.

ಅಷ್ಟರಲ್ಲಿ ಫೋನು ಬಂತು. ನಾದಿನಿ ಆಫೀಸಿನಿಂದ ಮಾತಾಡುತ್ತಿದ್ದಳು. ಧ್ವನಿ ಅವಳದಾಗಿರಲಿಲ್ಲ.

“ಅತ್ಗೇ... ಅಣ್ಣ ಬಂದವ್ನೆ.”

“ಏನೇ?”

“ಮೆಸೆಂಜರ್‌ನಲ್ಲಿ. ಅವನ ಹೆಸ್ರು ಮುಂದೆ ಹಸಿರು ದೀಪ ಬಂದದೆ.”

ತೆರೆಯ ಮೂಲೆಯಲ್ಲಿ ಸಣ್ಣ ಕಿಟಕಿಯೊಂದು ತಾನೇ ತೆರೆದುಕೊಂಡಿತ್ತು. ಇಂಟರ್‌ನೆಟ್ ಸಿಕ್ಕೊಡನೆ ಮೆಸೆಂಜರ್ ಕೂಡ ಅವರ ಹೆಸರಿನಲ್ಲಿ ಒಳಗೆ ಹೋಗುವಂತೆ ಇಟ್ಟಿದ್ದರೆಂದು ನನಗೆ ಗೊತ್ತಿರಲಿಲ್ಲ. “ನಾನು ಕಣೇ. ಚಿತ್ರ ಇಳಿಸ್ತಿದೀನಿ. ಬೇಡ ಅಂದ್ರೆ ಅದನ್ನು ಮುಚ್ತೀನಿ,” ಎಂದೆ. ಅವಳು ಫೋನು ಹಿಡಿದೇ ಇದ್ದಳು.

ಅತ್ತೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದರು. ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಹಳೆಯ ಮನೆಯ ಹೆಸರನ್ನೇ ಈ ಮನೆಗೆ ಇಟ್ಟೆ, ಯಂತ್ರ ಅದೇ ಮನೆ ಎಂದುಕೊಂಡು ಸೇರಿಕೊಂಡಿತು, ಅಲ್ಲಿ ಕೃಷ್ಣಗಿರಿಯಲ್ಲಿ ಅವರು ಬಂದಂತೆ ಕಾಣುತ್ತಿದೆ ಎಂದು ಹೇಳಿದೆ.

“ಆ ಮನೆ ಹೆಸ್ರು ಈ ಮನೆಗಿಕ್ಕಿದ್ಯಾ?” ಎಂದರು. ಬೈಗುಳಕ್ಕೆ ಕಾದೆ. ಮಗಳನ್ನು ನಾನಾಗಿಯೇ ಪಕ್ಕಕ್ಕೆ ಎಳೆದುಕೊಂಡೆ. ನಂಬದವಳು ಹಾಗೇಕೆ ಎಳೆದುಕೊಂಡೆನೋ. ಅತ್ತೆ ಬಂದು ತೆರೆಯ ಮುಂದೆ ಬಗ್ಗಿದರು. ಅವರಿಗೆ ಇಂಗ್ಲಿಷ್ ಓದಲು ಬಾರದು. “ಅವ್ನ ಹೆಸ್ರು ಯಾವ್ದು?” ಎಂದು ಕೇಳಿದರು. ತೋರಿಸಿದೆ. ಅವರು ನೋಡುತ್ತಿದ್ದಂತೆಯೇ ಹಸಿರು ಚುಕ್ಕೆ ಹಳದಿಯಾಯಿತು.

“ಏನಾಯ್ತು? ಎಲ್ಲೋದ?”

“ಎಲ್ಲೂ ಇಲ್ಲ ಅತ್ತೆ. ಸ್ವಲ್ಪ ಹೊತ್ತು ಯಾರೂ ಮುಟ್ಟದಿದ್ರೆ, ಆಳು ಎದ್ದು ಹೋಗಿದಾನೆ ಅಂತ ಹಂಗೆ ತೋರಿಸ್ತದೆ. ಇದನ್ನ ಅಲ್ಲಾಡಿಸಿದ್ರೆ ಸರಿಹೋಗ್ತದೆ.” ಮೌಸನ್ನು ಸರಿಸಿದೆ. ಮತ್ತೆ ಹಸಿರಾಯಿತು. ಫೋನಿನಲ್ಲಿ ನಾದಿನಿಯ ಉಸಿರು ಕೇಳಿಸಿತು.

ಅತ್ತೆ ಕುರ್ಚಿ ಎಳೆದುಕೊಂಡು ಕುಳಿತರು. ಸೆರಗಿಗೆ ಕೈ ಒರೆಸಿಕೊಂಡು, ನನ್ನ ಕೈಯನ್ನು ಪಕ್ಕಕ್ಕೆ ಸರಿಸಿ, ಮೌಸಿನ ಮೇಲೆ ತಮ್ಮ ಅಂಗೈ ಇಟ್ಟರು. ಹಸುಗೂಸಿನ ತಲೆ ಹಿಡಿಯುವಂತೆ ಹಿಡಿದಿದ್ದರು. ನಾನು ಅಲ್ಲಿಂದೆದ್ದು ಬಚ್ಚಲಿಗೆ ಹೋಗಿ, ನಲ್ಲಿ ತಿರುಗಿಸಿ, ಅಷ್ಟು ತಿಂಗಳಲ್ಲಿ ಮೊದಲ ಬಾರಿಗೆ ಅತ್ತುಬಿಟ್ಟೆ. ಹೊರಗೆ ಬಂದಾಗ ಮಗಳು ಚಾಪೆಯ ಮೇಲೆ ನಿದ್ದೆ ಹೋಗಿದ್ದಳು. ಸಂಜೆಯ ಹೊತ್ತಿಗೆ ಚಿತ್ರಗಳೆಲ್ಲ ಇಳಿದು ಮುಗಿದವು. ಇನ್ನು ಆರಿಸಬಹುದು ಎಂದೆ.

“ಅವ್ಳ ಆಫೀಸು ಬಿಡೋಗಂಟ ಇರ್ಲಿ ತಡಿಯಮ್ಮಾ,” ಎಂದು ಅತ್ತೆ ಚುಕ್ಕೆಯಿಂದ ಕಣ್ಣು ತೆಗೆಯದೆ ಹೇಳಿದರು. “ಎದ್ದೋದ ಅಂದ್ಕೊಂಡುಬುಡ್ತಾಳೆ.”