ಕಾಕಾನ ಸಿಟ್ಟು, ನನ್ನ ಮೈ

ತಪ್ಪು ನನ್ನದೇ. ಕಾಕಾನ ಸಿಟ್ಟನ್ನು ಕಾಕಾನ ಎದುರಿಗೇ ನಕಲು ಮಾಡಬಾರದಿತ್ತು.

ನಾನು ನಕಲು ಮಾಡದೆ ಬಿಟ್ಟ ಮನುಷ್ಯರಿಲ್ಲ. ಆಳಂದದ ಬಸ್ ಕಂಡಕ್ಟರ್, ಅಫಜಲಪುರದ ಸೋದರಮಾವ, ನೀರು ಕೇಳಿದರೂ ಹರಾಜು ಕೂಗಿದಂತೆ ಕೇಳುವ ಜೇವರ್ಗಿಯ ಬೀಗರು, ಎಲ್ಲರೂ ನನ್ನ ಗಂಟಲಿನಲ್ಲಿ ಬಾಡಿಗೆಯಿಲ್ಲದೆ ಇದ್ದಾರೆ. ಕನ್ನಡಿಯೆದುರು ನಿಂತು ನನ್ನನ್ನೇ ನಕಲು ಮಾಡಹೋದರೆ ಮಾತ್ರ ಯಾವನೋ ಗುರುತಿಲ್ಲದವನು ಬಂದು ಹಲ್ಲು ಕಿರಿಯುತ್ತಾನೆ.

ಕಾಕಾ ನನ್ನ ಅಪ್ಪನ ತಮ್ಮ. ಮಾದನಹಿಪ್ಪರಗಾದಲ್ಲಿ ತೊಗರಿ ಬೆಳೆಯುತ್ತಾರೆ. ಅವರ ಸಿಟ್ಟು ಊರೂರಿಗೆ ನಿಂತು ಬರುವ ಬಸ್ಸಿನ ಹಾಗೆ. ಮೊದಲು ಎಡಗಾಲಿನ ಹೆಬ್ಬೆಟ್ಟು ನೆಲ ಕೆರೆಯುತ್ತದೆ, ಆಮೇಲೆ ಮೂಗಿನ ಹೊಳ್ಳೆ ಅರಳುತ್ತದೆ, ಕಿವಿ ಕೆಂಪಾಯಿತೆಂದರೆ ಕೊನೆಯ ನಿಲ್ದಾಣ. ಒಂದು ಮದುವೆಯೂಟದ ಪಂಕ್ತಿಯಲ್ಲಿ ಇಷ್ಟನ್ನೂ ಮಾಡಿ ತೋರಿಸಿದೆ. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಕಾಕಾ ಎದ್ದರು, ನನ್ನತ್ತ ಬೆರಳೆತ್ತಿದರು, ಹಾಗೇ ತಲೆ ತಿರುಗಿ ಕಂಬ ಹಿಡಿದು ಕುಸಿದರು.

ಆಳಂದದ ಡಾಕ್ಟರು ತೋಳಿಗೆ ಬಿ.ಪಿ. ಪಟ್ಟಿ ಬಿಗಿದು ನೋಡಿದರು. "ಯಜಮಾನ್ರ, ಇನ್ನ ಸಿಟ್ಟಿಗೇಳಬ್ಯಾಡ್ರಿ. ಎದ್ರ ನನ್ ಕಡಿ ಬರೂದಲ್ಲ, ಸೀದಾ ಕಲಬುರಗಿ ದೊಡ್ಡ ದವಾಖಾನಿಗೇ ಹೋಗೂದು." ಉಪ್ಪೂ ಬಂದ್. ಅಂದಿನಿಂದ ಕಾಕಿಯ ಒಲೆಯ ಮೇಲೆ ಪುಂಡಿಪಲ್ಯದ ಎರಡು ಗಡಿಗೆ: ಉಪ್ಪಿನದು ನಮಗೆ, ಸಪ್ಪನೆಯದು ಕಾಕಾಗೆ.

"ಸಿಟ್ಟಿಲ್ದ ಹೊಲಾ ಹ್ಯಾಂಗ ಮಾಡೂದಲೇ?" ಕಾಕಾ ಗೋಡೆಗೊರಗಿ ಕೇಳಿದರು.

"ನಿಮ್ಮ ಬದಲಿ ನಾ ಸಿಟ್ಟಾಗ್ತೇನಿ ಕಾಕಾ. ನೀವು ಸುಮ್ನ ಕೂಡ್ರಿ."

ಹೀಗೆ ನನ್ನ ಬದಲಿ ಸಿಟ್ಟಿನ ನೌಕರಿ ಶುರುವಾಯಿತು. ಟ್ರ್ಯಾಕ್ಟರಿನವನು ಬರಲಿಲ್ಲವೆಂದರೆ ಕಾಕಾ ಹುಬ್ಬು ಹಾರಿಸುವರು. ನಾನು ಫೋನಿನಲ್ಲಿ ಅವರದೇ ದನಿಯಲ್ಲಿ ಗುಡುಗುವೆ: "ಯಾಕಲೇ ಮಗನ, ಹೊಲಾ ನಿಮ್ಮಪ್ಪ ಬಂದು ಹರಗತಾನೇನು?" ಕಾಕಾ ಎಲೆಯಡಿಕೆ ಮೆಲ್ಲುತ್ತ ಕೇಳಿ, "ದನಿ ಬರೋಬ್ಬರಿ ಅದ. ಹೆಬ್ಬೆಟ್ಟು ಕೆರಿಯೂದು ಮರತಿ" ಎಂದು ತಿದ್ದುವರು.

ಮಧ್ಯಾಹ್ನ ಬೇವಿನ ನೆರಳಿನಲ್ಲಿ ಹೊರಸಿನ ಮೇಲೆ ಬಿದ್ದುಕೊಳ್ಳುತ್ತಿದ್ದೆ. ತೊಗರಿ ಹೂವಿನ ಹಳದಿ ರೆಪ್ಪೆಯೊಳಗೂ ತೂಗಾಡುತ್ತಿತ್ತು. ಖಜೂರಿ ಕಡೆಗೆ ಹೋಗುವ ಲಾರಿಯ ಸದ್ದು ನಿದ್ದೆಯ ಅಂಚು ಮುಟ್ಟಿ ದೂರವಾಗುತ್ತಿತ್ತು. ಸಿಟ್ಟು ಮೈಯಲ್ಲಿ ಎಲ್ಲಿ ಮನೆ ಮಾಡಿರುತ್ತದೆ? ನಮ್ಮ ಹಿರಿಯರ ಮಾತು ಅದರ ನಕಾಶೆಯನ್ನು ಎಂದೋ ಬರೆದಿಟ್ಟಿದೆ. ಮೂಗಿನ ತುದಿಯಲ್ಲಿ ಅದರ ಚೌಕಿ, ಹೊಟ್ಟೆಯಲ್ಲಿ ಒಲೆ, ನೆತ್ತಿಯಲ್ಲಿ ಅಟ್ಟ. ಹಳೆಯ ನಾಟ್ಯಪಂಡಿತರು ರೌದ್ರಕ್ಕೆ ಕೆಂಪು ಬಣ್ಣ ಕೊಟ್ಟರಂತೆ. ಅವರ ಮನೆಯಲ್ಲೂ ಒಬ್ಬ ಕಾಕಾ ಇದ್ದಿರಬೇಕು. ಆದರೆ ಬಣ್ಣ ತೊಳೆದ ಮೇಲೂ ವೇಷಧಾರಿಯ ಎದೆ ಡವಗುಟ್ಟುತ್ತಲೇ ಇರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಸಿಟ್ಟು ಕಾಕಾನದು, ದನಿ ಕಾಕಾನದು, ಬೆವರು ಮಾತ್ರ ನನ್ನದು. ಫೋನಿಟ್ಟ ಮೇಲೂ ಕಿವಿ ಕಾದೇ ಇರುತ್ತಿತ್ತು. ಮೈ ಎಂಬುದು ಅಂಗಳದ ಮುದಿ ನಾಯಿ. ಕಳ್ಳ ಬಂದನೋ ಬಹುರೂಪಿ ಬಂದನೋ ಅದಕ್ಕೆ ತಿಳಿಯದು. ಸದ್ದಾದರೆ ಸಾಕು, ಎದ್ದು ಬೊಗಳುತ್ತದೆ.

ಮತ್ತೆ ಆಳಂದಕ್ಕೆ ಹೋದಾಗ ಡಾಕ್ಟರು ಕಾಕಾನ ತೋಳು ನೋಡಿ, "ಭೇಷ್ ಯಜಮಾನ್ರ, ಇಳದದ!" ಎಂದರು. ನಾನೂ ಹುಡುಗಾಟಕ್ಕೆ ತೋಳು ಚಾಚಿದೆ. ಪಟ್ಟಿ ಬಿಗಿದರು, ಬಿಚ್ಚಿದರು, ಮತ್ತೆ ಬಿಗಿದರು.

"ಏನ್ ಕೆಲಸಾ ಮಾಡ್ತಿ ತಮ್ಮಾ?"

"ಸಿಟ್ಟಾಗ್ತೇನ್ರಿ," ಎಂದೆ.

ಕಾಕಾ ಬಸ್ಸಿನಲ್ಲಿ ದಾರಿಯುದ್ದಕ್ಕೂ ನಕ್ಕರು. ಮನೆಗೆ ಬಂದು ಕಾಕಿಗೂ ಹೇಳಿ ನಕ್ಕರು. ಕಾಕಿ ನಗಲಿಲ್ಲ, ಇಬ್ಬರ ಗಂಗಾಳಕ್ಕೂ ಬಡಿಸಿ, ರೊಟ್ಟಿ ಬಡಿಯಲು ಕುಳಿತಳು. ನಾನು ಒಂದು ತುತ್ತು ಬಾಯಿಗಿಟ್ಟೆ. ಉಪ್ಪಿಲ್ಲ! ಎಡಗಾಲಿನ ಹೆಬ್ಬೆಟ್ಟು ತಾನಾಗಿಯೇ ನೆಲ ಕೆರೆಯಿತು. ಯಾರ ನಕಲೂ ಅಲ್ಲದ, ಅಪ್ಪಟ ನನ್ನದೇ ಸಿಟ್ಟು.

"ಕಾಕಿ, ಇದು ಕಾಕಾನ ಪಲ್ಯಾ!"

ರೊಟ್ಟಿ ಬಡಿಯುವ ಕೈ ನಿಲ್ಲಿಸದೆ ಕಾಕಿ ಅಂದಳು: "ಸಿಟ್ಟು ನಿಂದಾದ ಮ್ಯಾಲ ಸಪ್ಪನ ಪಲ್ಯಾನೂ ನಿಂದೇ ಲೇ. ಸುಮ್ನ ಉಣ್ಣು."